ಯೋಜನೆಗೆ 2028, ಸ್ಕೂಟರ್ ಸಬ್ಸಿಡಿಗೆ ಮಾತ್ರ 2026: ಹಾಸನ, ಚಿಕ್ಕಮಗಳೂರಿಗೆ ಇದರಿಂದ ಏನಾಗುತ್ತದೆ?

ಎಲೆಕ್ಟ್ರಿಕ್ ಸ್ಕೂಟರ್ ತಗೊಳ್ಳೋಣ ಅಂತ ಲೆಕ್ಕ ಹಾಕುತ್ತಿರುವವರಿಗೆ ಎರಡು ಸುದ್ದಿ ಒಟ್ಟಿಗೆ ಬಂದು ತಲೆ ಕೆಡಿಸಿವೆ. ಎಲೆಕ್ಟ್ರಿಕ್ ಗಾಡಿಗಳಿಗೆ ನೆರವು ಕೊಡುವ ಕೇಂದ್ರದ ಪಿಎಂ ಇ-ಡ್ರೈವ್ ಯೋಜನೆ 2028ರ ಮಾರ್ಚ್ 31ರವರೆಗೆ ಮುಂದುವರಿಯುತ್ತದೆ ಅನ್ನೋದು ಒಂದು. ಸ್ಕೂಟರ್ ಮೇಲಿನ ಸಬ್ಸಿಡಿಗೆ 2026ರ ಮಾರ್ಚ್ 31 ಕೊನೆ ಅನ್ನೋದು ಇನ್ನೊಂದು. ಯಾವುದು ಸರಿ?

ಎರಡೂ ಸರಿ. ಎರಡೂ 2025ರ ಆಗಸ್ಟ್‌ನ ಒಂದೇ ಆದೇಶದಲ್ಲಿವೆ. ಬಸ್, ಟ್ರಕ್, ಆಂಬುಲೆನ್ಸ್, ಚಾರ್ಜಿಂಗ್ ಕೇಂದ್ರಗಳಿಗೆ ಎರಡು ವರ್ಷ ಹೆಚ್ಚು ಕೊಟ್ಟ ಸರ್ಕಾರ, ಎರಡು ಚಕ್ರ ಮತ್ತು ಮೂರು ಚಕ್ರದ ಗಾಡಿಗಳಿಗೆ ಹಳೆಯ ಗಡುವನ್ನೇ ಉಳಿಸಿತು. ಹಾಗಾದರೆ ಉಳಿದ ಹಣ ಎಲ್ಲಿಗೆ ಹೋಗುತ್ತದೆ, ನಮ್ಮ ಜಿಲ್ಲೆಗಳಿಗೆ ಅದರಲ್ಲಿ ಪಾಲು ಇದೆಯಾ ಅನ್ನೋದು ಕೇಳಬೇಕಾದ ಪ್ರಶ್ನೆ. ಬೆಂಗಳೂರಿನಲ್ಲಿ ಕೂತು ನೋಡಿದರೆ ಸಿಗುವ ಉತ್ತರ ಹಾಸನದಲ್ಲಿ, ಚಿಕ್ಕಮಗಳೂರಿನಲ್ಲಿ ನಿಂತು ನೋಡಿದರೆ ಸಿಗುವುದಿಲ್ಲ.

ಸಬ್ಸಿಡಿ ಇಳಿಯುತ್ತಾ ಬಂದ ದಾರಿ

ಕೇಂದ್ರ ಸರ್ಕಾರ ಬ್ಯಾಟರಿ ಗಾಡಿಗಳಿಗೆ ಸಹಾಯ ಶುರುಮಾಡಿದ್ದು 2015ರಲ್ಲಿ, ಫೇಮ್ ಎಂಬ ಯೋಜನೆಯ ಮೂಲಕ. ದೊಡ್ಡ ಹಣ ಬಂದದ್ದು 2019ರ ಏಪ್ರಿಲ್‌ನಲ್ಲಿ ಶುರುವಾದ ಫೇಮ್-2ರಲ್ಲಿ. ಮೊದಲು 10,000 ಕೋಟಿ ರೂಪಾಯಿ ಇಟ್ಟು, ಆಮೇಲೆ ಅದನ್ನು 11,500 ಕೋಟಿಗೆ ಏರಿಸಿದರು.

ಸ್ಕೂಟರ್ ಸಬ್ಸಿಡಿಯನ್ನು ಬ್ಯಾಟರಿಯ ಸಾಮರ್ಥ್ಯ ನೋಡಿ ಕೊಡುತ್ತಾರೆ. ಬ್ಯಾಟರಿಯಲ್ಲಿ ಎಷ್ಟು ಯೂನಿಟ್ ಕರೆಂಟ್ ಹಿಡಿಯುತ್ತದೋ ಅಷ್ಟರ ಲೆಕ್ಕ. 2021ರ ಜೂನ್‌ನಲ್ಲಿ ಒಂದು ಯೂನಿಟ್‌ಗೆ 15,000 ರೂಪಾಯಿ ಇತ್ತು, ಗಾಡಿ ಬೆಲೆಯ ಶೇ 40ರ ಮಿತಿಯೊಳಗೆ. ಮೂರು ಯೂನಿಟ್ ಬ್ಯಾಟರಿಯ ಸ್ಕೂಟರ್‌ಗೆ 45,000 ರೂಪಾಯಿವರೆಗೂ ಸಿಗುತ್ತಿತ್ತು. 2023ರ ಜೂನ್‌ನಲ್ಲಿ ಅದನ್ನು 10,000ಕ್ಕೆ ಇಳಿಸಿದರು, ಮಿತಿಯನ್ನು ಶೇ 15ಕ್ಕೆ ತಂದರು. ಪರಿಣಾಮ ತಕ್ಷಣ ಕಂಡಿತು. ಮೇ ತಿಂಗಳಲ್ಲಿ ದೇಶದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಎಲೆಕ್ಟ್ರಿಕ್ ಸ್ಕೂಟರ್, ಬೈಕ್ ನೋಂದಣಿಯಾಗಿದ್ದವು. ಜೂನ್‌ನಲ್ಲಿ ಅದು ಅರ್ಧಕ್ಕಿಂತ ಕೆಳಗೆ ಬಿತ್ತು. ರೇಟು ಏರುವ ಮೊದಲೇ ಕೊಳ್ಳೋಣ ಅಂತ ಮೇನಲ್ಲಿ ಮುಗಿಬಿದ್ದವರೂ ಈ ಕುಸಿತಕ್ಕೆ ಒಂದು ಕಾರಣ.

ಆದರೆ ಮಾರುಕಟ್ಟೆ ಅಲ್ಲೇ ಮಲಗಲಿಲ್ಲ. ಕಂಪನಿಗಳು ಚಿಕ್ಕ ಬ್ಯಾಟರಿಯ, ಕಡಿಮೆ ಬೆಲೆಯ ಮಾಡೆಲ್‌ಗಳನ್ನು ತಂದವು. ಬ್ಯಾಟರಿಯ ಬೆಲೆಯೂ ಇಳಿಯಿತು. 2024-25ರ ಹಣಕಾಸು ವರ್ಷದಲ್ಲಿ ಮಾರಾಟ 11 ಲಕ್ಷ ದಾಟಿತು. ಸಬ್ಸಿಡಿ ಕಡಿತವಾಗುತ್ತಾ ಹೋದರೂ ಮಾರಾಟ ಏರಿತು. 2024ರ ಅಕ್ಟೋಬರ್ 1ರಂದು ಪಿಎಂ ಇ-ಡ್ರೈವ್ ಬಂದಾಗ ಮೊದಲ ವರ್ಷಕ್ಕೆ ಯೂನಿಟ್‌ಗೆ 5,000, ಗಾಡಿಯೊಂದಕ್ಕೆ ಹೆಚ್ಚೆಂದರೆ 10,000 ಅಂತ ಇಟ್ಟರು. ಎರಡನೇ ವರ್ಷಕ್ಕೆ ಅದರ ಅರ್ಧ: ಯೂನಿಟ್‌ಗೆ 2,500, ಹೆಚ್ಚೆಂದರೆ 5,000. ಅಂದರೆ 45,000ದಿಂದ 5,000ಕ್ಕೆ ಇಳಿಯಲು ಐದು ವರ್ಷವೂ ಹಿಡಿಯಲಿಲ್ಲ.

ಗ್ರಾಹಕರಿಗೆ ಗೊಂದಲ ಆಗಲು ಇನ್ನೊಂದು ಕಾರಣ ಇದೆ. ಈ ಹಣ ಅಡುಗೆ ಗ್ಯಾಸ್ ಸಬ್ಸಿಡಿ ಥರ ನಮ್ಮ ಬ್ಯಾಂಕ್ ಖಾತೆಗೆ ಬರುವುದಿಲ್ಲ. ಡೀಲರ್ ಬಿಲ್ಲಿನಲ್ಲೇ ಅದನ್ನು ಕಳೆದು ಬೆಲೆ ಹೇಳುತ್ತಾರೆ. ಕೊಳ್ಳುವಾಗ ಆಧಾರ್ ದೃಢೀಕರಣ ಆಗಿ, ಮೊಬೈಲ್‌ಗೆ ಇ-ವೋಚರ್‌ನ ಲಿಂಕ್ ಬರುತ್ತದೆ. ಅದಕ್ಕೆ ನಾವು ಸಹಿ ಹಾಕಿ ಡೀಲರ್‌ಗೆ ಕೊಡಬೇಕು. ಡೀಲರ್ ಅದನ್ನು ಪೋರ್ಟಲ್‌ಗೆ ಹಾಕಿದ ಮೇಲೆ ಕಂಪನಿ ಕೇಂದ್ರದಿಂದ ಹಣ ಪಡೆಯುತ್ತದೆ. ಬಿಲ್ಲಿನಲ್ಲಿ ಪಿಎಂ ಇ-ಡ್ರೈವ್ ಎಂಬ ಹೆಸರಿನಲ್ಲಿ ಕಡಿತ ಕಾಣದಿದ್ದರೆ, ವೋಚರ್ ಬಾರದಿದ್ದರೆ, "ಸಬ್ಸಿಡಿ ಕಳೆದೇ ಹೇಳಿರೋದು" ಅನ್ನುವ ಮಾತನ್ನು ನಂಬಬೇಕಿಲ್ಲ. ಲೆಡ್ ಆಸಿಡ್ ಬ್ಯಾಟರಿಯ ಗಾಡಿಗೆ, ಗಂಟೆಗೆ 25 ಕಿ.ಮೀ. ಮೀರದ, ಲೈಸೆನ್ಸ್ ಬೇಡದ ಚಿಕ್ಕ ಸ್ಕೂಟರ್‌ಗೆ ಈ ಸಬ್ಸಿಡಿ ಇಲ್ಲವೇ ಇಲ್ಲ. ಪೂರ್ತಿ ಯೋಜನೆಯೇ ಹಣದ ಮಿತಿಯೊಳಗಿನದು. ಹಾಗಾಗಿ ಯಾವುದೇ ವರ್ಗದಲ್ಲಿ ಹಣವೋ ಗುರಿಯೋ ಮುಗಿದರೆ ಗಡುವಿಗೆ ಮೊದಲೇ ಬಾಗಿಲು ಮುಚ್ಚಬಹುದು.

ಸ್ವಂತ ಬಳಕೆಯ ಕಾರಿಗೆ ಈ ಯೋಜನೆಯಲ್ಲಿ ಒಂದು ರೂಪಾಯಿಯೂ ಇಲ್ಲ. ಮೊದಲಿನಿಂದಲೂ ಇಲ್ಲ.

ದೊಡ್ಡ ಹಣ ದೊಡ್ಡ ಊರಿಗೆ

ಪಿಎಂ ಇ-ಡ್ರೈವ್‌ನ ಒಟ್ಟು ಹಣ 10,900 ಕೋಟಿ. ಸ್ಕೂಟರ್, ಆಟೊ, ಆಂಬುಲೆನ್ಸ್, ಟ್ರಕ್ ಎಲ್ಲ ಸೇರಿ 3,679 ಕೋಟಿ. ಬಸ್‌ಗಳಿಗೆ 4,391 ಕೋಟಿ. ಚಾರ್ಜಿಂಗ್ ಕೇಂದ್ರಗಳಿಗೆ 2,000 ಕೋಟಿ.

ಬಸ್‌ನ ಹಣ ಯಾರಿಗೆ? 40 ಲಕ್ಷಕ್ಕಿಂತ ಹೆಚ್ಚು ಜನ ಇರುವ ಒಂಬತ್ತು ನಗರಗಳಿಗೆ, ಒಟ್ಟು 14,028 ಬಸ್. ನಮ್ಮ ರಾಜ್ಯದಿಂದ ಆ ಪಟ್ಟಿಯಲ್ಲಿರುವುದು ಬೆಂಗಳೂರು ಒಂದೇ.

ಚಿಕ್ಕ ನಗರಗಳಿಗೆ ಅಂತ 2023ರ ಆಗಸ್ಟ್‌ನಲ್ಲಿ ಪಿಎಂ ಇ-ಬಸ್ ಸೇವಾ ಎಂಬ ಬೇರೆ ಯೋಜನೆಗೆ ಒಪ್ಪಿಗೆ ಸಿಕ್ಕಿತು. 10,000 ಬಸ್‌ಗಳ ಯೋಜನೆ. ಆದರೆ ಅದಕ್ಕೂ ಒಂದು ಗೆರೆ ಇದೆ: 2011ರ ಜನಗಣತಿಯಲ್ಲಿ ಕನಿಷ್ಠ 3 ಲಕ್ಷ ಜನಸಂಖ್ಯೆ. ಶಿವಮೊಗ್ಗ, ತುಮಕೂರು ಆ ಗೆರೆಯನ್ನು ಸ್ವಲ್ಪದರಲ್ಲಿ ದಾಟುತ್ತವೆ. ಹಾಸನ ನಗರ ಆಗ ಸುತ್ತಲಿನ ಬಡಾವಣೆ ಸೇರಿದರೂ ಸುಮಾರು ಒಂದೂವರೆ ಲಕ್ಷ. ಚಿಕ್ಕಮಗಳೂರು ಸುಮಾರು 1.18 ಲಕ್ಷ. ಎರಡೂ ಹೊರಗೆ.

ಚಾರ್ಜಿಂಗ್ ಕೇಂದ್ರಗಳ ಕತೆಯೂ ಹೆಚ್ಚು ಕಡಿಮೆ ಹೀಗೇ. 2025ರ ಸೆಪ್ಟೆಂಬರ್‌ನ ಮಾರ್ಗಸೂಚಿಯ ಪ್ರಕಾರ, ಸರ್ಕಾರಿ ಜಾಗದಲ್ಲಿ ಎಲ್ಲರಿಗೂ ಮುಕ್ತವಾಗಿ ಇಡುವ ಚಾರ್ಜರ್‌ಗೆ ಕೇಂದ್ರ ಪೂರ್ತಿ ಖರ್ಚು ಕೊಡಬಹುದು. ಬಸ್ ನಿಲ್ದಾಣ, ರೈಲು ನಿಲ್ದಾಣ, ಸರ್ಕಾರಿ ತೈಲ ಕಂಪನಿಗಳ ಬಂಕ್‌ಗಳಿಗೆ ಕರೆಂಟ್ ಲೈನ್, ಟಿಸಿ (ಟ್ರಾನ್ಸ್‌ಫಾರ್ಮರ್) ಹಾಕುವ ಖರ್ಚಿನ ಶೇ 80, ಚಾರ್ಜರ್‌ನ ಶೇ 70. ಕೇಳಲು ಬಹಳ ಉದಾರ. ಆದರೆ ಆದ್ಯತೆ ಯಾರಿಗೆ ಅಂತ ನೋಡಿ: 10 ಲಕ್ಷ ಮೀರಿದ ನಗರಗಳು, ಸ್ಮಾರ್ಟ್ ಸಿಟಿಗಳು, ರಾಜಧಾನಿಗಳು, ಮತ್ತೆ ವಾಹನ ದಟ್ಟಣೆಯ ಹೆದ್ದಾರಿಗಳು. ಮೊದಲ ಮೂರರಲ್ಲಿ ಹಾಸನವೂ ಇಲ್ಲ, ಚಿಕ್ಕಮಗಳೂರೂ ಇಲ್ಲ. ಉಳಿದದ್ದು ಹೆದ್ದಾರಿ ಮಾತ್ರ.

ಈ ಓರೆ ಹೊಸದೇನೂ ಅಲ್ಲ. 2024ರ ಕೊನೆಯ ಹೊತ್ತಿಗೆ ಕರ್ನಾಟಕದಲ್ಲಿ 5,700ಕ್ಕೂ ಹೆಚ್ಚು ಸಾರ್ವಜನಿಕ ಚಾರ್ಜಿಂಗ್ ಕೇಂದ್ರಗಳಿದ್ದವು, ದೇಶದಲ್ಲೇ ಮೊದಲ ಸ್ಥಾನ. ಅದರಲ್ಲಿ ಮುಕ್ಕಾಲು ಭಾಗಕ್ಕೂ ಹೆಚ್ಚು ಬೆಂಗಳೂರು ನಗರ ಜಿಲ್ಲೆಯೊಂದರಲ್ಲೇ. ರಾಜ್ಯ ಮೊದಲ ಸ್ಥಾನದಲ್ಲಿದೆ ಅಂತ ಪತ್ರಿಕೆಯಲ್ಲಿ ಓದಿದ ಕೊಪ್ಪದವರಿಗೆ, ಅರಕಲಗೂಡಿನವರಿಗೆ ಅದು ತಮ್ಮ ರಸ್ತೆಯಲ್ಲಿ ಕಾಣದೇ ಇರುವುದು ಇದಕ್ಕೇ.

ಒಂದು ಒಳ್ಳೆಯ ಉದಾಹರಣೆ ಮಾತ್ರ ಈ ಭಾಗಕ್ಕೆ ಬಂದಿದೆ. ಫೇಮ್-2ರ ನೆರವಿನಲ್ಲಿ ಕೆಎಸ್‌ಆರ್‌ಟಿಸಿ ತಂದ 50 'ಇವಿ ಪವರ್ ಪ್ಲಸ್' ಬಸ್‌ಗಳಿಗೆ ಆರಿಸಿದ ಮಾರ್ಗಗಳಲ್ಲಿ ಬೆಂಗಳೂರು–ಚಿಕ್ಕಮಗಳೂರು ಕೂಡ ಒಂದು. ಆ ದಾರಿ ಸುಮಾರು 245 ಕಿ.ಮೀ. ಒಂದು ಸಲ ಚಾರ್ಜ್ ಮಾಡಿದರೆ 300 ಕಿ.ಮೀ. ಆಸುಪಾಸು ಓಡುವ ಬಸ್‌ಗೆ ವಾಪಸ್ ಹೋಗಲು ಚಿಕ್ಕಮಗಳೂರಿನಲ್ಲಿ ಚಾರ್ಜ್ ಆಗಲೇಬೇಕು. ಹಾಗಾಗಿ ಬಸ್ ಜೊತೆಗೆ ಚಾರ್ಜರ್ ಕೂಡ ಬೇಕಾಯಿತು. ಸರ್ಕಾರದ ಸಹಾಯ ಚಿಕ್ಕ ಊರಿಗೆ ತಲುಪುವುದು ಹೀಗೆ: ಮಾರ್ಗ ಒಂದು ಬಂದರೆ ಲೈನ್, ಚಾರ್ಜರ್, ನೋಡಿಕೊಳ್ಳುವ ಕೈ ಎಲ್ಲ ಅದರ ಹಿಂದೆ ಬರುತ್ತವೆ.

ಅದೇ ಹೊತ್ತಿಗೆ ಪೆಟ್ರೋಲ್ ಗಾಡಿ ಅಗ್ಗವಾಯಿತು

2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಸ್ಕೂಟರ್, ಬೈಕ್‌ಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು. ಎಲೆಕ್ಟ್ರಿಕ್ ಗಾಡಿಗಳಿಗೆ 2019ರಿಂದಲೂ ಶೇ 5 ಇದೆ, ಅದು ಬದಲಾಗಲಿಲ್ಲ.

ತೆರಿಗೆಗೆ ಮುಂಚೆ 70,000 ರೂಪಾಯಿ ಬೆಲೆಯ ಪೆಟ್ರೋಲ್ ಸ್ಕೂಟರ್ ತೆಗೆದುಕೊಳ್ಳಿ. ಮೊದಲು ತೆರಿಗೆ ಸೇರಿ 89,600 ಆಗುತ್ತಿತ್ತು. ಈಗ 82,600. ಅಲ್ಲಿಗೆ 7,000 ಕಡಿಮೆ. ಇದೇ ಕಾಲದಲ್ಲಿ ಎಲೆಕ್ಟ್ರಿಕ್ ಸ್ಕೂಟರ್‌ನ ಸಬ್ಸಿಡಿ 10,000ದಿಂದ 5,000, ಅಲ್ಲಿಂದ ಸೊನ್ನೆ. ಎರಡನ್ನೂ ಕೂಡಿಸಿದರೆ ಇವಿ ಕೊಳ್ಳುವವರ ಪಾಲಿನ ಅನುಕೂಲ 17,000 ರೂಪಾಯಿಯಷ್ಟು ಕಡಿಮೆಯಾಗುತ್ತದೆ. ಸಬ್ಸಿಡಿಯ ಸುದ್ದಿ ಬಂದಾಗ ಈ ಎರಡನೇ ಅರ್ಧವನ್ನು ಯಾರೂ ಜಾಸ್ತಿ ಹೇಳುತ್ತಿಲ್ಲ.

ರಾಜ್ಯ ಸರ್ಕಾರದ ರಸ್ತೆ ತೆರಿಗೆಯಲ್ಲೂ ಇದೇ ದಿಕ್ಕು. 2016ರಲ್ಲಿ ಎಲೆಕ್ಟ್ರಿಕ್ ಗಾಡಿಗೆ ಪೂರ್ತಿ ವಿನಾಯಿತಿ ಕೊಟ್ಟ ಕರ್ನಾಟಕ, 2017ರಲ್ಲಿ ದೇಶದಲ್ಲೇ ಮೊದಲು ಇವಿ ನೀತಿ ತಂದಿತು. 2024ರಲ್ಲಿ 25 ಲಕ್ಷ ಮೀರಿದ ಎಲೆಕ್ಟ್ರಿಕ್ ಕಾರಿಗೆ ಶೇ 10 ತೆರಿಗೆ ಹಾಕಿತು. ದುಬಾರಿ ಕಾರಿಗೆ ತೆರಿಗೆ ಹಾಕಿದ್ದು ತಪ್ಪು ಅನ್ನಲಾಗದು. ಆದರೆ ವಿನಾಯಿತಿ ಶಾಶ್ವತ ಅಲ್ಲ ಅನ್ನೋದು ಅಲ್ಲಿಂದಲೇ ಸ್ಪಷ್ಟವಾಯಿತು. ಕಾರು ಬುಕ್ ಮಾಡುವವರು ಆ ದಿನದ ತೆರಿಗೆಯನ್ನು ಆರ್‌ಟಿಒದಲ್ಲಿ ಕೇಳಿಯೇ ಮುಂದುವರಿಯುವುದು ಒಳ್ಳೆಯದು.

ನಿಲ್ಲಿಸಿದ್ದು ಸರಿಯೇ?

ಸರಿ ಅನ್ನುವವರ ವಾದಕ್ಕೆ ತೂಕ ಇದೆ. ಹೊಸ ವಸ್ತು ಜನರಿಗೆ ಪರಿಚಯ ಆಗುವವರೆಗೆ ಸಬ್ಸಿಡಿ ಬೇಕು, ಆಮೇಲೆ ಅದು ಕಂಪನಿಯ ಲಾಭಕ್ಕೆ ಹೋಗುತ್ತದೆ ಅನ್ನೋದು ಅವರ ಮಾತು. ಫೇಮ್-2ರಲ್ಲಿ ದೇಶದೊಳಗೆ ತಯಾರಾಗಬೇಕಾದ ಬಿಡಿಭಾಗಗಳನ್ನು ಹೊರಗಿಂದ ತರಿಸಿ ಸಬ್ಸಿಡಿ ಪಡೆದ ಕೆಲವು ಕಂಪನಿಗಳಿಂದ ಸರ್ಕಾರ ಹಣ ವಾಪಸ್ ಕೇಳಬೇಕಾಯಿತು. ಒಂದು ಲಕ್ಷ ಕೊಟ್ಟು ಸ್ಕೂಟರ್ ಕೊಳ್ಳಬಲ್ಲವರಿಗೆ ಐದು ಸಾವಿರ ಬಿಡುವುದಕ್ಕಿಂತ, ನಲವತ್ತು ಜನರನ್ನು ಹೊರುವ ಬಸ್‌ಗೆ ಅದೇ ಹಣ ಹಾಕಿದರೆ ಹೊಗೆಯೂ ಕಡಿಮೆ, ನ್ಯಾಯವೂ ಜಾಸ್ತಿ.

ತಪ್ಪು ಅನ್ನುವವರು ಹೇಳುವುದು ಬೇರೆ. 2024-25ರಲ್ಲಿ ಮಾರಾಟವಾದ ಎರಡು ಚಕ್ರದ ಗಾಡಿಗಳಲ್ಲಿ ಎಲೆಕ್ಟ್ರಿಕ್ ಪಾಲು ಶೇ 6ರ ಆಸುಪಾಸು. ಇದು ಪರಿಚಯದ ಹಂತ ದಾಟಿದ ಮಾರುಕಟ್ಟೆಯೇ? ಆ ಶೇ 6ರಲ್ಲೂ ನಗರದ ಪಾಲೇ ದೊಡ್ಡದು. ನಗರ ಕಲಿತ ಪಾಠವನ್ನು ಹಳ್ಳಿಗೂ ಅನ್ವಯಿಸಿದರೆ ಹಳ್ಳಿ ಹಿಂದೆ ಬೀಳುತ್ತದೆ.

ಮೊದಲ ವಾದ ತತ್ವದಲ್ಲಿ ಸರಿ. ಸಬ್ಸಿಡಿ ಎಂದಾದರೂ ನಿಲ್ಲಲೇಬೇಕು, ಬಸ್‌ಗೆ ಹಣ ಹೋಗಲೇಬೇಕು. ಆದರೆ ವೈಯಕ್ತಿಕ ಗಾಡಿಯಿಂದ ತೆಗೆದ ಹಣ ಬಸ್‌ಗೆ ಹೋಗುವಾಗ, ಬಸ್ ಸಿಗುವ ಊರಿಗೆ ಜನಸಂಖ್ಯೆಯ ಗೆರೆ ಹಾಕಿದ್ದರಿಂದ, ಹಾಸನ ಮತ್ತು ಚಿಕ್ಕಮಗಳೂರಿನಂಥ ಜಿಲ್ಲೆಗಳಿಗೆ ಎರಡೂ ಇಲ್ಲವಾಗಿದೆ. ತಕರಾರು ಎತ್ತಬೇಕಾದ್ದು ಇಲ್ಲಿ.

ಆಲೂರಿನಿಂದ ಹಾಸನಕ್ಕೆ: ತಿಂಗಳ ಲೆಕ್ಕ

ಸಬ್ಸಿಡಿ ಇಲ್ಲದಿದ್ದರೆ ಇವಿ ಕೊಳ್ಳುವುದು ನಷ್ಟವೇ? ಲೆಕ್ಕ ಹಾಕಿ ನೋಡೋಣ. ಆಲೂರಿನಿಂದ ಹಾಸನಕ್ಕೆ ಕೆಲಸಕ್ಕೆ ಹೋಗಿ ಬರುವವರಿಗೆ ದಿನಕ್ಕೆ ಸುಮಾರು 25 ಕಿ.ಮೀ. ತಿಂಗಳಿಗೆ 25 ದಿನ ಅಂದರೆ 625 ಕಿ.ಮೀ. ಪೆಟ್ರೋಲ್ ಸ್ಕೂಟರ್ ಲೀಟರಿಗೆ 45 ಕೊಟ್ಟರೆ ತಿಂಗಳಿಗೆ 14 ಲೀಟರ್. ಲೀಟರಿಗೆ 100 ರೂಪಾಯಿ ಅಂತ ಹಿಡಿದರೂ 1,400. ಎಲೆಕ್ಟ್ರಿಕ್ ಸ್ಕೂಟರ್ ಒಂದು ಯೂನಿಟ್‌ಗೆ 25 ಕಿ.ಮೀ. ಓಡುತ್ತದೆ ಅಂತ ಕಡಿಮೆಯೇ ಹಿಡಿಯೋಣ. 25 ಯೂನಿಟ್ ಆಗುತ್ತದೆ. ಯೂನಿಟ್‌ಗೆ 6 ರೂಪಾಯಿಯಂತೆ 150.

ತಿಂಗಳ ಉಳಿತಾಯ 1,250 ರೂಪಾಯಿ. ಹೋದ ಸಬ್ಸಿಡಿಯ 5,000 ನಾಲ್ಕೇ ತಿಂಗಳ ಉಳಿತಾಯಕ್ಕೆ ಸಮ. ದಿನಾ ಇಷ್ಟು ಓಡಿಸುವವರು ಸಬ್ಸಿಡಿ ಹೋಯಿತು ಅಂತ ಬೇಸರಪಟ್ಟು ಪೆಟ್ರೋಲ್ ಗಾಡಿಗೆ ತಿರುಗುವ ಅಗತ್ಯ ಇಲ್ಲ. ವಾರಕ್ಕೊಮ್ಮೆ ಸಂತೆಗೆ, ಆಗಾಗ ಆಸ್ಪತ್ರೆಗೆ ಅಂತ ಮಾತ್ರ ಗಾಡಿ ತೆಗೆಯುವ ಮನೆಗೆ ಈ ಲೆಕ್ಕ ಕೂಡಿ ಬರುವುದಿಲ್ಲ. ಅವರಿಗೆ ಕೊಳ್ಳುವ ಬೆಲೆಯೇ ಮುಖ್ಯ. ಸಬ್ಸಿಡಿ ನಿಂತರೆ ಕೈಬಿಡುವವರು ಇವರೇ.

ಈ 150 ರೂಪಾಯಿಯ ಹಿಂದೆ ನಮ್ಮ ರಾಜ್ಯಕ್ಕೇ ಸೇರಿದ ಒಂದು ಸಿಕ್ಕು ಇದೆ. ಗೃಹಜ್ಯೋತಿ. 2023ರಲ್ಲಿ ಶುರುವಾದ ಈ ಯೋಜನೆಯಲ್ಲಿ ಮನೆಗೆ ಎಷ್ಟು ಯೂನಿಟ್ ಉಚಿತ ಅನ್ನೋದು 2022-23ರ ಸರಾಸರಿ ಬಳಕೆ, ಅದರ ಮೇಲೆ ಒಂದಿಷ್ಟು ಹೆಚ್ಚುವರಿ ಸೇರಿಸಿ ತೀರ್ಮಾನವಾಗುತ್ತದೆ. ಆ ಮಿತಿ ಮೀರಿದರೆ ಮೀರಿದ ಯೂನಿಟ್‌ಗೆ ಮಾತ್ರ ಹಣ. 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು.

ತಿಂಗಳಿಗೆ 60–70 ಯೂನಿಟ್ ಸುಡುವ ಮನೆಗೆ ಸ್ಕೂಟರ್ ಬಂದರೆ ತೊಂದರೆ ಇಲ್ಲ. ಹೆಚ್ಚುವರಿ ಯೂನಿಟ್‌ಗೆ ನೂರೈವತ್ತು ರೂಪಾಯಿ ಕೊಟ್ಟರೆ ಮುಗಿಯಿತು. ಆದರೆ 180 ಯೂನಿಟ್ ಬಳಸುತ್ತಾ ಸೊನ್ನೆ ಬಿಲ್ ಪಡೆಯುತ್ತಿರುವ ಮನೆಯನ್ನು ನೋಡಿ. ಸ್ಕೂಟರ್‌ನ 25 ಸೇರಿದರೆ 205. ಬರೀ ಯೂನಿಟ್ ದರಕ್ಕೇ ಬಿಲ್ 1,200 ರೂಪಾಯಿ ಮುಟ್ಟುತ್ತದೆ. ನಿಗದಿತ ಶುಲ್ಕ, ತೆರಿಗೆ ಬೇರೆ. ಪೆಟ್ರೋಲ್‌ನಲ್ಲಿ ಉಳಿದದ್ದು ಕರೆಂಟ್ ಬಿಲ್ಲಿಗೆ ಹೋಗುತ್ತದೆ. ಒಂದು ಸರ್ಕಾರದ ಸಹಾಯ ಇನ್ನೊಂದು ಸರ್ಕಾರದ ಸಹಾಯವನ್ನು ತಿಂದುಹಾಕುವುದು ಅಂದರೆ ಇದೇ. ಯಾರೂ ಬೇಕು ಅಂತ ಮಾಡಿದ್ದಲ್ಲ, ಎರಡು ಯೋಜನೆಗಳನ್ನು ಅಕ್ಕಪಕ್ಕ ಇಟ್ಟು ಯಾರೂ ನೋಡಲಿಲ್ಲ ಅಷ್ಟೇ.

ದಾರಿ ಇಲ್ಲವೆಂದಲ್ಲ. 2024ರ ಫೆಬ್ರವರಿಯಲ್ಲಿ ಕೇಂದ್ರ ತಿದ್ದಿದ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮದ ಪ್ರಕಾರ, ಇವಿ ಚಾರ್ಜ್ ಮಾಡಲು ಮನೆಗೆ ಪ್ರತ್ಯೇಕ ಸಂಪರ್ಕ ಕೇಳಬಹುದು. ಹೊಸ ಸಂಪರ್ಕಕ್ಕೆ ಗಡುವೂ ಇದೆ: ಪಟ್ಟಣಗಳಲ್ಲಿ 7 ದಿನ, ಹಳ್ಳಿಗಳಲ್ಲಿ 15, ಗುಡ್ಡಗಾಡಿನ ಹಳ್ಳಿಗಳಲ್ಲಿ 30. ಬೇರೆ ಮೀಟರ್ ಇದ್ದರೆ ಗೃಹಜ್ಯೋತಿಯ ಲೆಕ್ಕ ಕದಲುವುದಿಲ್ಲ. ಆದರೆ ಆ ಮೀಟರ್‌ಗೂ ತಿಂಗಳ ನಿಗದಿತ ಶುಲ್ಕ ಇರುತ್ತದೆ. 200ರ ಹತ್ತಿರ ಇರುವ ಮನೆಗೆ ಅದು ಲಾಭ, ಉಳಿದವರಿಗೆ ಬೇಡ.

ಏರು, ಮಳೆ, ಕರೆಂಟ್

ಕಂಪನಿ ಹೇಳುವ ಮೈಲೇಜು ಸಮತಟ್ಟು ರಸ್ತೆಯದು. ಚಿಕ್ಕಮಗಳೂರು ಪೇಟೆಯಿಂದ 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿ ಕಡೆಗೆ ಇಬ್ಬರು ಕೂತ ಸ್ಕೂಟರ್ ಹೊರಟರೆ ಸುಮಾರು 800 ಮೀಟರ್ ಮೇಲೆ ಹತ್ತಬೇಕು. ಗಾಡಿ, ಇಬ್ಬರ ತೂಕ ಸೇರಿ 250 ಕಿಲೋ ಹಿಡಿದರೆ, ಹತ್ತುವುದಕ್ಕೆ ಅಂತಲೇ ಮೂರು ಯೂನಿಟ್ ಬ್ಯಾಟರಿಯ ಸುಮಾರು ಕಾಲು ಭಾಗ ಬೇಕು. ಓಡುವ ದೂರದ ಖರ್ಚು ಬೇರೆ. ಇಳಿಯುವಾಗ ಮೋಟಾರು ಒಂದಿಷ್ಟನ್ನು ಬ್ಯಾಟರಿಗೆ ವಾಪಸ್ ಕೊಡುತ್ತದೆ, ಹತ್ತಿದಷ್ಟನ್ನೂ ಅಲ್ಲ. ಸಕಲೇಶಪುರ, ಮೂಡಿಗೆರೆ, ಕಳಸದ ದಿನನಿತ್ಯದ ಏರಿಳಿತಕ್ಕೂ ಇದೇ ಲೆಕ್ಕ. ಅಲ್ಲಿನವರು ಚಿಕ್ಕ ಬ್ಯಾಟರಿಯ ಅಗ್ಗದ ಮಾಡೆಲ್ ಬಿಟ್ಟು ದೊಡ್ಡ ಬ್ಯಾಟರಿಯದನ್ನೇ ತಗೊಳ್ಳಬೇಕು. ಸಬ್ಸಿಡಿ ಕಡಿತವಾದ ಮೇಲೆ ಕಂಪನಿಗಳು ಬೆಲೆ ಇಳಿಸಿದ್ದು ಚಿಕ್ಕ ಬ್ಯಾಟರಿ ಹಾಕಿ ಅನ್ನೋದನ್ನು ನೆನಪಿಡಿ. ಆ ಅಗ್ಗದ ಲಾಭ ಅರಸೀಕೆರೆ, ಕಡೂರಿನ ಬಯಲಿಗೆ ಸಿಗುತ್ತದೆ, ಮಲೆನಾಡಿಗೆ ಸಿಗುವುದಿಲ್ಲ.

ಆಮೇಲೆ ಮಳೆಗಾಲ. ಮರ ಬಿದ್ದು ಲೈನ್ ಹರಿದರೆ ತೋಟದ ಒಳಗಿನ ಮನೆಗಳಿಗೆ ಕರೆಂಟ್ ಬರಲು ಎರಡು ಮೂರು ದಿನ ಹಿಡಿಯುವುದೂ ಉಂಟು. ಪೆಟ್ರೋಲ್ ಆದರೆ ಕ್ಯಾನಿನಲ್ಲಿ ತಂದಿಡಬಹುದು. ಹಳೆಯ ಮನೆಗಳಲ್ಲಿ 15 ಆಂಪ್ಸ್ ಪಾಯಿಂಟ್, ಸರಿಯಾದ ಅರ್ತಿಂಗ್ ಇರುವುದಿಲ್ಲ. ಅದನ್ನು ಸರಿಮಾಡಿಸುವ ಖರ್ಚಿಗೆ ಯಾವ ಯೋಜನೆಯಲ್ಲೂ ಸಹಾಯ ಇಲ್ಲ. ಐದು ಸಾವಿರದ ಸಬ್ಸಿಡಿಯನ್ನು ಬೆಲೆಯಲ್ಲಿ ಕಳೆಯುವ ಬದಲು ವೈರಿಂಗ್‌ಗೆ ಕೊಟ್ಟಿದ್ದರೆ ಈ ಭಾಗಕ್ಕೆ ಎಷ್ಟೋ ಉಪಯೋಗ ಆಗುತ್ತಿತ್ತು.

ಆಡಳಿತದಲ್ಲೂ ಒಂದು ತೊಡಕು. ಕರೆಂಟ್ ಕೊಡುವ ಕಂಪನಿಗಳಲ್ಲಿ ಹಾಸನ ಜಿಲ್ಲೆ ಮೈಸೂರಿನ ಸೆಸ್ಕ್ ವ್ಯಾಪ್ತಿಯಲ್ಲಿದೆ, ಚಿಕ್ಕಮಗಳೂರು ಮಂಗಳೂರಿನ ಮೆಸ್ಕಾಂ ವ್ಯಾಪ್ತಿಯಲ್ಲಿ. ಚಾರ್ಜಿಂಗ್ ಕೇಂದ್ರಗಳಿಗೆ ರಾಜ್ಯದ ನೋಡಲ್ ಸಂಸ್ಥೆ ಬೆಂಗಳೂರಿನ ಬೆಸ್ಕಾಂ. ಬೇಲೂರಿನಿಂದ ಚಿಕ್ಕಮಗಳೂರಿಗೆ ಒಂದೇ ರಸ್ತೆ, ಆದರೆ ಆ ರಸ್ತೆಯ ಚಾರ್ಜರ್‌ಗಳ ಬಗ್ಗೆ ಮೂರು ಊರಿನ ಮೂರು ಕಚೇರಿಗಳು ಮಾತಾಡಿಕೊಳ್ಳಬೇಕು.

ಮುಂದೆ ಏನಾಗಬಹುದು

ಸಬ್ಸಿಡಿ ನಿಂತ ಮೊದಲ ಕೆಲವು ತಿಂಗಳು ಮಾರಾಟ ಕುಸಿಯಬಹುದು. 2023ರ ಜೂನ್‌ನಲ್ಲಿ ಆದದ್ದು ಅದೇ. ಆಮೇಲೆ ನಗರಗಳಲ್ಲಿ ಚೇತರಿಸಿಕೊಳ್ಳುತ್ತದೆ. ಚಿಕ್ಕ ಊರುಗಳಲ್ಲಿ ಚೇತರಿಕೆ ನಿಧಾನ, ಯಾಕೆಂದರೆ ಗಾಡಿ ಕಡಿಮೆ ಇದ್ದರೆ ಸರ್ವಿಸ್ ಸೆಂಟರ್ ಬರುವುದಿಲ್ಲ, ಸರ್ವಿಸ್ ಸೆಂಟರ್ ಇಲ್ಲದಿದ್ದರೆ ಜನ ಗಾಡಿ ಕೊಳ್ಳುವುದಿಲ್ಲ. ಶೃಂಗೇರಿಯಲ್ಲಿ ಕೆಟ್ಟ ಸ್ಕೂಟರನ್ನು ಗೂಡ್ಸ್ ಆಟೊದಲ್ಲಿ ಹಾಕಿಕೊಂಡು ಘಟ್ಟದ ದಾರಿಯಲ್ಲಿ ಜಿಲ್ಲಾ ಕೇಂದ್ರಕ್ಕೆ ತರಬೇಕು ಅಂದರೆ ಎಷ್ಟು ಜನ ಧೈರ್ಯ ಮಾಡುತ್ತಾರೆ?

ಬೆಂಗಳೂರಿನ ಪ್ರವಾಸಿಗರ ಎಲೆಕ್ಟ್ರಿಕ್ ಕಾರುಗಳು ಮಾತ್ರ ನಿಲ್ಲುವುದಿಲ್ಲ. ಅವು ಬಂದು ಸೇರುವುದು ಹೋಂಸ್ಟೇಗಳ ಪ್ಲಗ್ ಪಾಯಿಂಟ್‌ಗೆ. ಒಂದು ಟಿಸಿಯ ಮೇಲೆ ಶನಿವಾರ ರಾತ್ರಿ ನಾಲ್ಕಾರು ಕಾರು ಚಾರ್ಜ್‌ಗೆ ನಿಂತರೆ ಅಕ್ಕಪಕ್ಕದ ಮನೆಗಳ ವೋಲ್ಟೇಜ್ ಇಳಿಯುತ್ತದೆ. ಅದನ್ನು ತಪ್ಪಿಸಲು ಹೆದ್ದಾರಿಯ ಮೇಲೆ ಸಾರ್ವಜನಿಕ ಚಾರ್ಜರ್ ಬೇಕು. ಕೇಂದ್ರ ವಿದ್ಯುತ್ ಸಚಿವಾಲಯದ 2024ರ ಮಾರ್ಗಸೂಚಿಯಲ್ಲಿ ಹೆದ್ದಾರಿಯ ಎರಡೂ ಬದಿ ಪ್ರತಿ 20 ಕಿ.ಮೀ.ಗೊಂದು ಚಾರ್ಜಿಂಗ್ ಕೇಂದ್ರ ಇರಬೇಕು ಅಂತಿದೆ. ಹಾಸನ, ಸಕಲೇಶಪುರದ ಮೂಲಕ ಹೋಗುವ ರಾಷ್ಟ್ರೀಯ ಹೆದ್ದಾರಿ 75 ಮತ್ತು ಅರಸೀಕೆರೆ, ಬೇಲೂರು, ಮೂಡಿಗೆರೆ ದಾಟಿ ಚಾರ್ಮಾಡಿ ಇಳಿಯುವ 73, ಇವೆರಡರ ಮೇಲೆ ಈ ಮಾತು ಹಿಡಿದು ಕೇಳಬಹುದು. ಸಕಲೇಶಪುರ, ಬೇಲೂರು, ಮೂಡಿಗೆರೆಯ ಕೆಎಸ್‌ಆರ್‌ಟಿಸಿ ನಿಲ್ದಾಣಗಳಲ್ಲಿ ಜಾಗ ಇದೆ, ಜನ ಇದ್ದಾರೆ, ರಾತ್ರಿ ಕಾವಲು ಇದೆ. ಪಿಎಂ ಇ-ಡ್ರೈವ್‌ನಲ್ಲಿ ಬೇಡಿಕೆ ಪಟ್ಟಿ ರಾಜ್ಯದಿಂದಲೇ ಹೋಗಬೇಕು. ಎರಡೂ ಜಿಲ್ಲೆಗಳ ಶಾಸಕರು, ಸಂಸದರು, ಜಿಲ್ಲಾಧಿಕಾರಿಗಳು ಈ ನಿಲ್ದಾಣಗಳ ಹೆಸರು ಆ ಪಟ್ಟಿಯಲ್ಲಿ ಇದೆಯಾ ಅಂತ ಈಗಲೇ ನೋಡಬೇಕು.

ಜನಸಂಖ್ಯೆಯ ಗೆರೆ ಬದಲಾಗಲಿ ಅಂತ ಕಾಯುವುದರಲ್ಲಿ ಅರ್ಥ ಇಲ್ಲ. ಹೊಸ ಜನಗಣತಿಗೆ ದೇಶದ ಬಹುಭಾಗದಲ್ಲಿ 2027ರ ಮಾರ್ಚ್ 1ನ್ನು ಆಧಾರ ದಿನವಾಗಿ ಇಟ್ಟಿದ್ದಾರೆ. ಊರೂರಿನ ಅಂಕಿ ಹೊರಬಂದು, ಅದನ್ನು ನೋಡಿ ನಿಯಮ ತಿದ್ದಿ, ಹೊಸ ಪಟ್ಟಿ ಮಾಡುವ ಹೊತ್ತಿಗೆ 2028ರ ಮಾರ್ಚ್ 31 ಬಂದುಬಿಡುತ್ತದೆ.